ಮೂರು ತಲೆಮಾರಿಗೆ ಒಪ್ಪುವ ಮನೆ: ಮಾರುವ ಮುನ್ನ ಆಗಬೇಕಾದ ಸಿದ್ಧತೆ

ಹುಬ್ಬಳ್ಳಿ–ಧಾರವಾಡ ಅವಳಿ ನಗರದ ವಿದ್ಯಾನಗರ, ದೇಶಪಾಂಡೆ ನಗರ, ಮಾಳಮಡ್ಡಿ, ಸಪ್ತಾಪುರ ಮುಂತಾದ ಬಡಾವಣೆಗಳಲ್ಲಿ ಮೂವತ್ತು–ನಲವತ್ತು ವರ್ಷಗಳ ಹಿಂದೆ ಕಟ್ಟಿದ ಮನೆಗಳು ಇಂದು ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ. ಕಟ್ಟಿಸಿದ ಹಿರಿಯರು ಕಾಲವಾಗಿದ್ದಾರೆ, ಇಲ್ಲವೇ ಒಂಟಿಯಾಗಿ ಇರಲಾರದಷ್ಟು ವೃದ್ಧರಾಗಿದ್ದಾರೆ. ಮಕ್ಕಳು ಬೆಂಗಳೂರು, ಪುಣೆ ಅಥವಾ ಪರದೇಶಗಳಲ್ಲಿ ನೆಲೆಸಿದ್ದಾರೆ. ಇಂತಹ ಮನೆಯನ್ನು ಮಾರಲು ಹೊರಟವರಿಗೆ ಮಾರುಕಟ್ಟೆಯಲ್ಲಿ ಮೊದಲು ಕೇಳಿಬರುವ ಮಾತು ಒಂದೇ: “ಹಳೇ ಮನೆಗೆ ಬೆಲೆ ಇಲ್ಲ, ಜಾಗಕ್ಕಷ್ಟೇ ಬೆಲೆ.” ಈ ಮಾತನ್ನು ನಂಬಿ ಗಟ್ಟಿಮುಟ್ಟಾದ ಕಟ್ಟಡವನ್ನು ನಿವೇಶನದ ದರದಲ್ಲಿ ಕೊಟ್ಟುಬಿಡುವ ಕುಟುಂಬಗಳು ಬಹಳ. ಈ ಮಾತು ಅರ್ಧ ಸತ್ಯವೆಂಬುದೂ, ಉಳಿದರ್ಧವನ್ನು ಮಾರುವವನು ತನ್ನ ಸಿದ್ಧತೆಯಿಂದ ಬದಲಿಸಬಲ್ಲನೆಂಬುದೂ ನನ್ನ ಅಭಿಪ್ರಾಯ.

ಆರಂಭದಲ್ಲಿಯೇ ಒಂದು ನಿವೇದನೆ. ನಾನು ಟೈಲ್ಸ್, ನಲ್ಲಿ, ಸ್ಯಾನಿಟರಿ ಸಾಮಗ್ರಿಗಳ ವ್ಯಾಪಾರಿ. ಮನೆ ಮಾರುವ ಮುನ್ನ ಜನರು ಹೆಚ್ಚು ಹೆಚ್ಚು ಖರ್ಚು ಮಾಡಿದಷ್ಟೂ ನನಗೆ ಲಾಭ. ಆದರೂ ಈ ಲೇಖನದಲ್ಲಿ ನಾನು ಹೇಳುವುದರ ಬಹುಪಾಲು, ಎಲ್ಲಿ ಖರ್ಚು ಮಾಡಬಾರದು ಎಂಬುದೇ ಆಗಿದೆ.

ಕೊಳ್ಳುವವರು ಯಾರು?

ಅವಿಭಕ್ತ ಕುಟುಂಬ ಮುರಿದುಹೋಯಿತೆಂದು ನಾವೆಲ್ಲ ಹೇಳುತ್ತ ಬಂದಿದ್ದೇವೆ. ಮೂವರು ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಉಣ್ಣುವ ಮನೆ ನಗರಗಳಲ್ಲಿ ಅಪರೂಪವಾಗಿರುವುದು ನಿಜ. ಆದರೆ ಅದರ ಜಾಗದಲ್ಲಿ ಬೇರೊಂದು ಬಗೆಯ ಒಟ್ಟು ಬಾಳು ರೂಪುಗೊಂಡಿದೆ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ಮಗುವನ್ನು ನೋಡಿಕೊಳ್ಳಲು ಅಜ್ಜಿ ಬೇಕು, ಅಜ್ಜಿಯನ್ನು ನೋಡಿಕೊಳ್ಳಲು ಮಗನೋ ಮಗಳೋ ಬೇಕು. ಒಬ್ಬಳೇ ಮಗಳಿರುವ ಮನೆಗಳು ಹೆಚ್ಚಿದಂತೆ, ಗಂಡನ ತಂದೆತಾಯಿಗಳ ಜೊತೆಗೆ ಹೆಂಡತಿಯ ತಂದೆತಾಯಿಗಳೂ ಅದೇ ಸೂರಿನಡಿ ಬಂದಿರುವ ಪ್ರಸಂಗಗಳನ್ನು ನಾನು ನನ್ನ ಗ್ರಾಹಕರಲ್ಲಿಯೇ ಕಂಡಿದ್ದೇನೆ. ಹಿಂದಿನ ತಲೆಮಾರಿನಲ್ಲಿ ಇದು ಊಹೆಗೂ ನಿಲುಕದ ಸಂಗತಿಯಾಗಿತ್ತು.

2011ರ ಜನಗಣತಿಯಂತೆ ದೇಶದಲ್ಲಿ ಅರವತ್ತು ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಅದು ಅಂದಿನ ಜನಸಂಖ್ಯೆಯ ಶೇಕಡಾ 8.6ರಷ್ಟು. ಅಂದು ಐವತ್ತರ ಅಂಚಿನಲ್ಲಿದ್ದವರು ಇಂದು ಆ ಸಾಲಿಗೆ ಸೇರಿದ್ದಾರೆ. ನಮ್ಮ ಅವಳಿ ನಗರದ ಮಟ್ಟಿಗೆ ಹೇಳುವುದಾದರೆ, 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ, 2008ರಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ (2013ರಲ್ಲಿ ಅದು ಕಾಯಂ ಪೀಠವಾಯಿತು), 2016ರಲ್ಲಿ ಐಐಟಿ ಬಂದವು. ಇವುಗಳೊಂದಿಗೆ ಬಂದ ನೌಕರರು, ವಕೀಲರು, ಅಧ್ಯಾಪಕರು ಇಲ್ಲಿಯೇ ಬೇರೂರಿ, ಊರಲ್ಲಿದ್ದ ತಂದೆತಾಯಿಗಳನ್ನು ಕರೆತರಲು ಬಯಸುತ್ತಾರೆ. ಎರಡು ಮಲಗುವ ಕೋಣೆಯ ಫ್ಲಾಟು ಅವರಿಗೆ ಸಾಲದು. ನೆಲಮಹಡಿಯಲ್ಲಿ ಹಿರಿಯರಿಗೊಂದು ಕೋಣೆ, ಅಂಗಳದಲ್ಲಿ ತುಳಸಿಕಟ್ಟೆ, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ ಇರುವ ಹಳೆಯ ಮನೆಯೇ ಅವರಿಗೆ ಬೇಕಾದ ಮನೆ. ಆದರೆ ಅದು ಅವರ ಕಣ್ಣಿಗೆ ಹಾಗೆ ಕಾಣಿಸಬೇಕು.

ಒಂದು ಸ್ವಂತ ಅನುಭವ

ನಮ್ಮ ತಂದೆಯವರು ಧಾರವಾಡದಲ್ಲಿ ಕಟ್ಟಿಸಿದ ಮನೆಯನ್ನು ಕೆಲವು ವರ್ಷಗಳ ಹಿಂದೆ ಮಾರಬೇಕಾಗಿ ಬಂದಾಗ ನಾನು ಎಲ್ಲರಂತೆಯೇ ತಪ್ಪು ಮಾಡಿದೆ. ಪಡಸಾಲೆಗೆ ಪಿಒಪಿ ಛಾವಣಿ ಹಾಕಿಸಿದೆ. ತಂಪಾಗಿದ್ದ ಶಹಾಬಾದ್ ಹಾಸುಗಲ್ಲಿನ ಮೇಲೆ ಕನ್ನಡಿಯಂತೆ ಹೊಳೆಯುವ ಟೈಲ್ಸ್ ಕೂಡಿಸಿದೆ. ಹೊರಗೋಡೆಗೆ ದುಬಾರಿ ಬಣ್ಣ ಬಳಿಸಿದೆ. ಮನೆ ನೋಡಲು ಬಂದವರಲ್ಲಿ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಒಬ್ಬ ತರುಣರಿದ್ದರು. ಜೊತೆಗೆ ಪತ್ನಿ, ಮಗು, ಎಪ್ಪತ್ತು ದಾಟಿದ ತಾಯಿ. ತರುಣರಿಗೂ ಅವರ ಪತ್ನಿಗೂ ಮನೆ ಹಿಡಿಸಿತು. ತಾಯಿ ಮಾತ್ರ ಮೆಟ್ಟಿಲ ಬಳಿ ಒಂದು ಕ್ಷಣ ನಿಂತರು, ಒಳಗೆ ಬಂದು ಗೋಡೆ ಹಿಡಿದು ನಡೆದರು, ಬಚ್ಚಲಿನ ಬಾಗಿಲವರೆಗೆ ಹೋಗಿ ಏನೂ ಹೇಳದೆ ಮರಳಿದರು. ಎರಡು ದಿನಗಳ ನಂತರ ಅವರ ಮಗ ಫೋನ್ ಮಾಡಿ ಹೇಳಿದ್ದಿಷ್ಟು: “ಮನಿ ಭಾಳ ಛಲೋ ಐತ್ರಿ. ಆದ್ರ ನಮ್ಮವ್ವ ಬಚ್ಚಲಕ್ಕ ಹೋಗೂದು ಹ್ಯಾಂಗ್ರಿ?”

ಟೈಲ್ಸ್ ವ್ಯಾಪಾರಿಯಾದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ನಮ್ಮ ತಾಯಿಯೇ ಅದೇ ಬಚ್ಚಲಿನ ಎತ್ತರದ ಹೊಸ್ತಿಲನ್ನು ದಾಟಲು ಕೊನೆಯ ಎರಡು ವರ್ಷ ಪ್ರತಿದಿನ ಯಾರದಾದರೂ ಕೈ ಹಿಡಿಯುತ್ತಿದ್ದರೆಂಬುದು ನನಗೆ ಆಮೇಲೆ ನೆನಪಾಯಿತು. ಮಾರುವುದಕ್ಕಾಗಿ ಲಕ್ಷಾಂತರ ರೂಪಾಯಿ ಸುರಿದವನು ಬದುಕಿದ್ದ ತಾಯಿಗಾಗಿ ಆ ಹೊಸ್ತಿಲನ್ನು ತೆಗೆಸಿರಲಿಲ್ಲ.

ಖರ್ಚು ಎಲ್ಲಿ, ಉಳಿತಾಯ ಎಲ್ಲಿ?

ಮೂರು ತಲೆಮಾರಿನ ಕುಟುಂಬ ಮನೆ ನೋಡಲು ಬಂದಾಗ ನಿರ್ಧಾರ ಮಾಡುವವರು ಹಣ ಕೊಡುವ ಮಗನಲ್ಲ. ಆ ಮನೆಯಲ್ಲಿ ಹಗಲೆಲ್ಲ ಇರುವವರು ಹಿರಿಯರು. ಬಹುತೇಕ ಅವರ ‘ಬೇಡ’ ಎಂಬ ಮಾತೇ ಕೊನೆಯದು. ಆದ್ದರಿಂದ ಸಿದ್ಧತೆ ಅವರ ನಡಿಗೆಯ ದಾರಿಯಲ್ಲಿ ಆಗಬೇಕು: ಗೇಟಿನಿಂದ ಮುಂಬಾಗಿಲಿಗೆ, ಅಲ್ಲಿಂದ ಮಲಗುವ ಕೋಣೆಗೆ, ಅಲ್ಲಿಂದ ಬಚ್ಚಲಿಗೆ, ದೇವರ ಕೋಣೆಗೆ.

ಮೊದಲನೆಯದು ಮೆಟ್ಟಿಲು. ನಮ್ಮ ಭಾಗದ ಹಳೆಯ ಮನೆಗಳ ಪಾಯ ನೆಲದಿಂದ ಎರಡು ಅಡಿ ಎತ್ತರ ಇರುವುದು ಸಾಮಾನ್ಯ. ಕೇಂದ್ರ ಸರ್ಕಾರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2021ರಲ್ಲಿ ಹೊರಡಿಸಿದ ಸುಗಮ್ಯತೆಯ ಮಾರ್ಗಸೂಚಿಯಂತೆ ಇಳಿಜಾರು ದಾರಿ 1:12ರ ಪ್ರಮಾಣಕ್ಕಿಂತ ಕಡಿದಾಗಿರಬಾರದು. ಅಂದರೆ ಎರಡು ಅಡಿ ಎತ್ತರಕ್ಕೆ 24 ಅಡಿ ಉದ್ದದ ಇಳಿಜಾರು ಬೇಕು. ಮುಂಭಾಗದ ಅಂಗಳದಲ್ಲಿ ಅಷ್ಟು ಜಾಗ ಇರಲಿಕ್ಕಿಲ್ಲ. ಆದರೆ ಪಕ್ಕದ ಓಣಿಯಂತಹ ಜಾಗದಲ್ಲಿ ಸಾಧ್ಯವಾದೀತು. ಅಲ್ಲಿಯೂ ಆಗದಿದ್ದರೆ ಕಡಿದಾದ ಇಳಿಜಾರು ಮಾಡಿ ಅಪಾಯ ತರುವುದಕ್ಕಿಂತ, ಎಂಟು ಇಂಚಿನ ಮೆಟ್ಟಿಲುಗಳನ್ನು ಒಡೆಸಿ ಆರು ಇಂಚಿಗಿಂತ ಕಡಿಮೆ ಎತ್ತರದ, ಒಂದಡಿ ಅಗಲದ ಮೆಟ್ಟಿಲುಗಳನ್ನು ಕಟ್ಟಿಸಿ ಎರಡೂ ಬದಿಗೆ ಹಿಡಿಕಂಬಿ ಹಾಕಿಸುವುದು ಲೇಸು. ಇದು ಗೌಂಡಿಯ ಕೆಲವೇ ದಿನಗಳ ಕೆಲಸ.

ಎರಡನೆಯದು ಬಚ್ಚಲು ಮತ್ತು ಶೌಚಾಲಯ. ಹಳೆಯ ಮನೆಗಳಲ್ಲಿ ಇವುಗಳ ಬಾಗಿಲು ಎರಡು–ಎರಡೂವರೆ ಅಡಿ ಮಾತ್ರ. ಗಾಲಿಕುರ್ಚಿ ಸರಾಗವಾಗಿ ಹೋಗಬೇಕಾದರೆ 900 ಮಿಲಿಮೀಟರ್, ಅಂದರೆ ಸುಮಾರು ಮೂರು ಅಡಿ ತೆರವು ಬೇಕು. ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವರ ದೇಹವೇ ತಡೆಯುತ್ತದೆ. ಕನಿಷ್ಠ ನೆಲಮಹಡಿಯ ಒಂದು ಶೌಚಾಲಯದಲ್ಲಾದರೂ ಕುರ್ಚಿಯಂತೆ ಕೂರುವ ಕಮೋಡು, ಅದರ ಪಕ್ಕದಲ್ಲಿ ಗೋಡೆಗೆ ಬಿಗಿಯಾಗಿ ಕೂಡಿಸಿದ ಹಿಡಿಕೆ, ಜಾರದ ನೆಲ, ಸಮತಟ್ಟಾದ ಹೊಸ್ತಿಲು ಇರಬೇಕು. ಹಿಡಿಕೆಯನ್ನು ಬರೀ ಟೈಲ್ಸಿಗೆ ಸಿಕ್ಕಿಸಬೇಡಿ. ಇಟ್ಟಿಗೆಯೊಳಗೆ ಬಲವಾಗಿ ಕೂಡಿಸದಿದ್ದರೆ ಅದು ಆಧಾರವಾಗುವುದರ ಬದಲು ಅಪಘಾತಕ್ಕೆ ಕಾರಣವಾಗುತ್ತದೆ.

ಮೂರನೆಯದು ನೆಲ. ಹಳೆಯ ಶಹಾಬಾದ್ ಕಲ್ಲನ್ನೋ ಕಡಪಾ ಕಲ್ಲನ್ನೋ ಮುಚ್ಚಬೇಡಿ. ಚೆನ್ನಾಗಿ ತೊಳೆಸಿ, ಸಂದುಗಳನ್ನು ತುಂಬಿಸಿದರೆ ಸಾಕು. ಹೊಳೆಯುವ ನೆಲ ಫೋಟೋದಲ್ಲಿ ಚೆಂದ. ಒದ್ದೆ ಕಾಲಿನ ಅಜ್ಜಿಗೂ ಓಡುವ ಮೊಮ್ಮಗುವಿಗೂ ಅದು ಅಪಾಯ. ಪಿಒಪಿ ಛಾವಣಿ, ಗೋಡೆಗೆ ಅಂಟಿಸುವ ಅಲಂಕಾರಿಕ ಹಲಗೆ, ದುಬಾರಿ ದೀಪಗುಚ್ಛ—ಇವುಗಳಿಗೆ ಹಾಕಿದ ಹಣ ಮರಳಿ ಬರುವುದಿಲ್ಲ. ಕೊಳ್ಳುವವರಿಗೆ ತಮ್ಮದೇ ಅಭಿರುಚಿ ಇರುತ್ತದೆ.

ನಾಲ್ಕನೆಯದು ನೀರು ಮತ್ತು ವಿದ್ಯುತ್. ನಮ್ಮ ಊರಿನ ಕೊಳ್ಳುಗರು ಮೊದಲು ಕೇಳುವುದೇ ‘ನೀರು ಎಷ್ಟು ದಿನಕ್ಕೊಮ್ಮೆ?’ ಎಂದು. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡದಂತೆ ಆರು ಜನರ ಕುಟುಂಬಕ್ಕೆ ದಿನಕ್ಕೆ 810 ಲೀಟರ್, ಐದು ದಿನಕ್ಕೆ ನಾಲ್ಕು ಸಾವಿರ ಲೀಟರಿಗೂ ಹೆಚ್ಚು ಸಂಗ್ರಹ ಬೇಕು. ನಾಲ್ವರಿಗಾಗಿ ಕಟ್ಟಿದ ಸಂಪು ಸಾಲದಿದ್ದರೆ ಅದನ್ನು ಸ್ವಚ್ಛಗೊಳಿಸಿ, ಸೋರಿಕೆ ನಿಲ್ಲಿಸಿ, ಮೇಲೆ ಇನ್ನೊಂದು ಟ್ಯಾಂಕ್ ಇಡಿಸಿ. ಅದರ ಅಳತೆಯನ್ನು ಕೇಳುವ ಮೊದಲೇ ಹೇಳಿ. ವಿದ್ಯುತ್ತಿನ ಮಂಜೂರಾದ ಹೊರೆ ಹಳೆಯ ಮನೆಗಳಲ್ಲಿ ತೀರ ಕಡಿಮೆ. ಎರಡು ಗೀಜರ್, ಎಸಿ, ಇಂಡಕ್ಷನ್ ಒಲೆ ಏಕಕಾಲಕ್ಕೆ ನಡೆಯುವ ಕುಟುಂಬಕ್ಕೆ ಅದು ಸಾಲದು. ಹೆಸ್ಕಾಂನಲ್ಲಿ ಅರ್ಜಿ ಕೊಟ್ಟು ಹೊರೆ ಹೆಚ್ಚಿಸಿಕೊಳ್ಳುವುದು, ಅರ್ಥಿಂಗ್ ಪರೀಕ್ಷಿಸುವುದು, ಹಿರಿಯರ ಹಾಸಿಗೆಯ ಪಕ್ಕದಲ್ಲೊಂದು ಸ್ವಿಚ್ ಕೊಡಿಸುವುದು ಇವೆಲ್ಲ ಸಣ್ಣ ಕೆಲಸಗಳು. ಕೊಳ್ಳುವವರ ಮನಸ್ಸಿನಲ್ಲಿ ಮಾತ್ರ ದೊಡ್ಡ ನೆಮ್ಮದಿ.

ಇನ್ನು ಗೋಡೆಯ ತೇವ. ಅದನ್ನು ಬಣ್ಣದಿಂದ ಮುಚ್ಚುವವರಿಗೆ ನನ್ನದೊಂದು ವಿನಂತಿ: ಮುಚ್ಚಬೇಡಿ. ಮನೆ ನೋಡಲು ಬರುವ ಹಿರಿಯರು ಗೋಡೆಗೆ ಅಂಗೈ ಇಟ್ಟು ನೋಡುತ್ತಾರೆ. ಒಂದು ಕಡೆ ಮೋಸ ಕಂಡರೆ ಉಳಿದ ಹತ್ತು ಒಳ್ಳೆಯ ಸಂಗತಿಗಳನ್ನೂ ಅವರು ನಂಬುವುದಿಲ್ಲ. ಸೋರಿಕೆಯ ಮೂಲ ಹುಡುಕಿ ದುರಸ್ತಿ ಮಾಡಿಸಿ. ಆಗದಿದ್ದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬೆಲೆಯಲ್ಲಿ ಸರಿದೂಗಿಸಿ.

ಒಟ್ಟಿಗಿದ್ದೂ ಪ್ರತ್ಯೇಕ

ಇಂದಿನ ಕೂಡು ಕುಟುಂಬ ಬಯಸುವುದು ಒಂದೇ ಗೇಟು, ಎರಡು ಬಾಗಿಲು. ಅನೇಕ ಮನೆಗಳಲ್ಲಿ ಮೇಲ್ಮಹಡಿಯನ್ನು ಬಾಡಿಗೆಗಾಗಿಯೇ ಕಟ್ಟಿರುತ್ತಾರೆ. ಹೊರಗಿನಿಂದ ಮೆಟ್ಟಿಲು, ಅಲ್ಲೊಂದು ಪುಟ್ಟ ಅಡುಗೆಮನೆ. ಮಾರುವ ಮುನ್ನ ಆ ಅಡುಗೆಮನೆಯನ್ನು ಒಡೆದು ‘ದೊಡ್ಡ ಹಾಲ್’ ಮಾಡುವ ದುರ್ಬುದ್ಧಿ ಬೇಡ. ಕೆಳಗೆ ಹಿರಿಯರು, ಮೇಲೆ ಕಿರಿಯರು. ಹಬ್ಬದ ಅಡುಗೆ ಕೆಳಗೆ, ತಡರಾತ್ರಿಯ ಚಹಾ ಮೇಲೆ. ಅತ್ತೆ ಸೊಸೆಯರ ನಡುವಿನ ಎಷ್ಟೋ ಮನಸ್ತಾಪಗಳನ್ನು ಆ ಎರಡನೆಯ ಒಲೆ ತಪ್ಪಿಸುತ್ತದೆ. ಮೇಲೆ ಬಾಡಿಗೆದಾರರಿದ್ದರೆ ಅವರಿಗೆ ಸಾಕಷ್ಟು ಮುಂಚಿತವಾಗಿ ತಿಳಿಸಿ, ಮುಂಗಡ ಹಣವನ್ನು ಲೆಕ್ಕ ಮಾಡಿ ಮರಳಿಸಿ, ಗೌರವದಿಂದ ಬೀಳ್ಕೊಡಿ. ಖಾಲಿಯಿಲ್ಲದ ಮನೆಯನ್ನು ವಾಸಕ್ಕಾಗಿ ಕೊಳ್ಳುವ ಕುಟುಂಬ ಹಿಂಜರಿಯುತ್ತದೆ.

ಕಾಗದಪತ್ರ ಮತ್ತು ಕುಟುಂಬದ ಒಪ್ಪಿಗೆ

ಗೋಡೆಗಿಂತ ಮೊದಲು ಸಿದ್ಧವಾಗಬೇಕಾದದ್ದು ಕಪಾಟಿನೊಳಗಿನ ಕಡತ. ಮೂಲ ಖರೀದಿ ಪತ್ರ, ಸಿಟಿ ಸರ್ವೆಯ ಆಸ್ತಿ ಪತ್ರ, ಮಂಜೂರಾದ ಕಟ್ಟಡ ನಕ್ಷೆ, ಋಣಭಾರ ಪ್ರಮಾಣಪತ್ರ, ತೆರಿಗೆ ಪಾವತಿಯ ರಸೀದಿಗಳು—ಇವು ಒಂದೆಡೆ ಇರಲಿ. ನಗರ ಪ್ರದೇಶಗಳಲ್ಲಿ ನೋಂದಣಿಗೆ ಇ-ಖಾತೆ ಬೇಕೆಂಬ ನಿಯಮ 2024ರಿಂದ ಜಾರಿಗೆ ಬಂದಿದೆ. ಖಾತೆ ಇನ್ನೂ ತೀರಿಕೊಂಡ ತಂದೆಯವರ ಹೆಸರಿನಲ್ಲಿಯೇ ಇದ್ದರೆ ಕೊಳ್ಳುವವರು ಬಂದ ಮೇಲೆ ಓಡಾಡುವುದಲ್ಲ, ಮೊದಲೇ ಮುಗಿಸಿಕೊಳ್ಳಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು ಹೆಣ್ಣುಮಕ್ಕಳ ಪಾಲು. ಇಲ್ಲಿ ಹೇಳುವುದು ಹಿಂದೂ ಉತ್ತರಾಧಿಕಾರ ಕಾನೂನಿಗೆ ಒಳಪಟ್ಟ ಕುಟುಂಬಗಳ ಮಾತು. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಅವರು ಮರಣಪತ್ರ ಬರೆಯದೆ ತೀರಿಕೊಂಡಿದ್ದರೆ 1956ರ ಕಾಯಿದೆಯಂತೆಯೇ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮಾನ ಹಕ್ಕುದಾರರು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳೂ ಹುಟ್ಟಿನಿಂದ ಸಹಭಾಗಿ ಎಂಬುದನ್ನು 2005ರ ತಿದ್ದುಪಡಿ ಸ್ಥಾಪಿಸಿತು. 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ, ಆ ಹಕ್ಕಿಗೆ ತಿದ್ದುಪಡಿಯ ದಿನ ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದು ಸ್ಪಷ್ಟಪಡಿಸಿತು. ‘ಅಕ್ಕ ಏನೂ ಕೇಳೂದಿಲ್ಲ’ ಎಂಬ ಭರವಸೆಯ ಮೇಲೆ ಮಾರಾಟದ ಕರಾರು ಮಾಡಿಕೊಳ್ಳುವುದು ಅಕ್ಕನಿಗೆ ಅನ್ಯಾಯ, ಕೊಳ್ಳುವವರಿಗೂ ಮೋಸ. ಆಕೆ ಪಾಲು ಪಡೆಯಲಿ, ಇಲ್ಲವೇ ಸ್ವಇಚ್ಛೆಯಿಂದ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಮಾಡಿಕೊಡಲಿ. ನಮ್ಮ ಮನೆಯ ವಿಷಯದಲ್ಲಿಯೂ ನಾನು ನನ್ನ ಅಕ್ಕನನ್ನು ಕೊನೆಗೆ ಕೇಳಿದೆ, ಮೊದಲೇ ಕೇಳಬೇಕಾಗಿತ್ತು. ಆಕೆ ಕೇಳಿದ್ದು ಹಣಕ್ಕಿಂತ ಹೆಚ್ಚಾಗಿ ಆ ಗೌರವವನ್ನು.

ಹಿರಿಯರು ಬದುಕಿರುವಾಗಲೇ ಮಗನಿಗೆ ದಾನಪತ್ರದ ಮೂಲಕ ಬಂದ ಮನೆಯಾಗಿದ್ದರೆ ಇನ್ನೊಂದು ಎಚ್ಚರಿಕೆ ಅಗತ್ಯ. ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯ ನಾಗರಿಕರು ಮಾಡಿಕೊಟ್ಟ ಹಸ್ತಾಂತರವನ್ನು, ಷರತ್ತು ಪಾಲಿಸದಿದ್ದಲ್ಲಿ ಅನೂರ್ಜಿತವೆಂದು ಘೋಷಿಸಲು 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಕಾಯಿದೆಯಲ್ಲಿ ಅವಕಾಶವಿದೆ. ತಂದೆತಾಯಿಗಳನ್ನು ಬೀದಿಗೆ ಬಿಟ್ಟು ಮಾರುವ ಮನೆಯನ್ನು, ತನ್ನ ತಂದೆತಾಯಿಗಳಿಗಾಗಿ ಮನೆ ಹುಡುಕುವ ಯಾವ ವಿವೇಕಿಯೂ ಕೊಳ್ಳಲಾರ.

ತೆರಿಗೆಯ ವಿಷಯದಲ್ಲಿ ಎರಡು ಮಾತು. 2001ರ ಏಪ್ರಿಲ್ 1ಕ್ಕೂ ಮುಂಚೆ ಪಡೆದ ಆಸ್ತಿಗೆ ಆ ದಿನದ ನ್ಯಾಯೋಚಿತ ಮೌಲ್ಯವನ್ನೇ ವೆಚ್ಚವೆಂದು ತೋರಿಸಬಹುದು. 2024ರ ಜುಲೈ 23ಕ್ಕೆ ಮುಂಚೆ ಪಡೆದ ಮನೆ–ನಿವೇಶನಗಳನ್ನು ಮಾರುವ ನಿವಾಸಿ ವ್ಯಕ್ತಿಗಳಿಗೂ ಹಿಂದೂ ಅವಿಭಕ್ತ ಕುಟುಂಬಗಳಿಗೂ ಶೇಕಡಾ 12.5ರ ಹೊಸ ದರ ಅಥವಾ ಸೂಚ್ಯಂಕ ಸಹಿತ ಶೇಕಡಾ 20ರ ಹಳೆಯ ಲೆಕ್ಕ, ಇವೆರಡರಲ್ಲಿ ಕಡಿಮೆ ಬರುವುದನ್ನು ಕಟ್ಟುವ ಅನುಕೂಲವಿದೆ. ಮನೆಗೆ ಮಾಡಿಸಿದ ಶಾಶ್ವತ ಸುಧಾರಣೆಯ ಖರ್ಚು ಲೆಕ್ಕಕ್ಕೆ ಬರಬೇಕಾದರೆ ಬಿಲ್ಲು ಬೇಕು. ಬಿಲ್ಲಿಲ್ಲದೆ ಸಾಮಾನು ಕೊಳ್ಳಬೇಡಿರೆಂದು ವ್ಯಾಪಾರಿಯಾಗಿ ಹೇಳುತ್ತಿದ್ದೇನೆ. ಲೆಕ್ಕ ಪರಿಶೋಧಕರನ್ನು ಮಾರಾಟಕ್ಕೆ ಮೊದಲೇ ಕಾಣಿರಿ.

ಎರಡು ಆಕ್ಷೇಪಗಳು

‘ಹಿಡಿಕೆ, ಇಳಿಜಾರು ಹಾಕಿಸಿದರೆ ಮನೆ ಆಸ್ಪತ್ರೆಯಂತೆ ಕಾಣುವುದಿಲ್ಲವೇ?’ ಎಂದು ಕೆಲವು ಮಿತ್ರರು ಕೇಳುತ್ತಾರೆ. ಅಗಲವಾದ ಬಾಗಿಲು, ತಗ್ಗಾದ ಮೆಟ್ಟಿಲು, ಜಾರದ ನೆಲ ಇವು ಯಾರ ಕಣ್ಣಿಗೂ ರೋಗದ ಗುರುತಾಗಿ ಕಾಣುವುದಿಲ್ಲ. ಬಸುರಿ ಹೆಣ್ಣುಮಗಳಿಗೂ ಕಾಲು ಮುರಿದುಕೊಂಡ ತರುಣನಿಗೂ ಅವು ಬೇಕಾದವೇ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಬಿಲ್ಡರರು ನಿವೇಶನಕ್ಕೆ ಕೊಡುವ ದರವನ್ನು ವಾಸಕ್ಕಾಗಿ ಕೊಳ್ಳುವ ಕುಟುಂಬ ಕೊಡಬಲ್ಲುದೇ? ಅಗಲವಾದ ರಸ್ತೆಗೆ ಹೊಂದಿದ ದೊಡ್ಡ ನಿವೇಶನವಾದರೆ ಬಹುಶಃ ಕೊಡಲಾರದು. ಅಲ್ಲಿ ಬಿಲ್ಡರಿಗೆ ಕೊಡುವುದೇ ವ್ಯವಹಾರ. ನಮ್ಮ ಸಂಸ್ಥೆಯ ಬಿಲ್ಡರ್ ಸದಸ್ಯರ ಮೇಲೆ ನನಗೆ ದೂರಿಲ್ಲ. ಆದರೆ ಒಳ ಓಣಿಯ ಮೂವತ್ತು–ನಲವತ್ತರ ನಿವೇಶನದಲ್ಲಿ ಫ್ಲಾಟು ಎಬ್ಬಿಸುವುದು ಲಾಭದಾಯಕವಲ್ಲ; ಅಲ್ಲಿ ಬಿಲ್ಡರು ಕೇಳುವ ದರದಲ್ಲಿ ಕಟ್ಟಡ ಕೆಡವುವ ಖರ್ಚೂ ಕಳೆದಿರುತ್ತದೆ. ಅಂತಹ ಕಡೆ ವಾಸಯೋಗ್ಯ ಮನೆಯನ್ನು ನಿವೇಶನದ ದರಕ್ಕೆ ಮಾರುವುದು ನಷ್ಟ. ನಿಮ್ಮ ಆಸ್ತಿ ಈ ಎರಡರಲ್ಲಿ ಯಾವುದು ಎಂಬುದನ್ನು ಮೊದಲು ನಿಷ್ಪಕ್ಷಪಾತವಾಗಿ ನಿರ್ಧರಿಸಿಕೊಳ್ಳಿ. ಕೆಡವುವ ಮನೆಗೆ ಬಣ್ಣ ಬೇಡ. ಬಾಳುವ ಮನೆಗೆ ದಾರಿ ಬೇಕು.

ಸಂಸ್ಥೆಗೆ ಒಂದು ಸಲಹೆ

ನಮ್ಮ ವಾಣಿಜ್ಯ ಸಂಸ್ಥೆಯಲ್ಲಿ ಬಿಲ್ಡರರು, ಇಂಜಿನಿಯರರು, ಏಜೆಂಟರು, ವಕೀಲರು, ಲೆಕ್ಕ ಪರಿಶೋಧಕರು, ಬ್ಯಾಂಕಿನವರು ಎಲ್ಲರೂ ಇದ್ದೇವೆ. ಹಳೆಯ ಮನೆ ಮಾರುವವರಿಗಾಗಿ ಎರಡು ಪುಟದ ಒಂದು ಕನ್ನಡ ತಪಾಸಣಾ ಪಟ್ಟಿಯನ್ನು ನಾವೇ ಸಿದ್ಧಪಡಿಸಿ ಹಂಚಬಾರದೇಕೆ? ಮೆಟ್ಟಿಲಿನ ಎತ್ತರ, ಬಾಗಿಲಿನ ಅಗಲ, ಸಂಪಿನ ಅಳತೆ, ಖಾತೆಯ ಸ್ಥಿತಿ, ವಾರಸುದಾರರ ಒಪ್ಪಿಗೆ—ಇಷ್ಟನ್ನು ಮಾರುವವರು ಭರ್ತಿ ಮಾಡಿ ಸಹಿ ಹಾಕಿ ಕೊಳ್ಳುವವರ ಕೈಗೆ ಕೊಟ್ಟರೆ ಅರ್ಧ ವ್ಯವಹಾರ ಮುಗಿದಂತೆ. ವರ್ಷಕ್ಕೊಮ್ಮೆ ಈ ವಿಷಯದಲ್ಲಿ ಉಚಿತ ಮಾರ್ಗದರ್ಶನ ಶಿಬಿರವನ್ನೂ ನಡೆಸಬಹುದು. ಟೈಲ್ಸ್ ಮತ್ತು ಹಿಡಿಕೆಗಳ ಮಾದರಿ ತಂದು ತೋರಿಸುವ ಹೊಣೆ ನನ್ನದು.

ಆ ತರುಣರ ಫೋನ್ ಬಂದ ಮೇಲೆ ನಾನು ಬಚ್ಚಲಿನ ಬಾಗಿಲನ್ನು ಅಗಲ ಮಾಡಿಸಿದೆ, ಹೊಸ್ತಿಲು ತೆಗೆಸಿದೆ, ಪಡಸಾಲೆಯ ಹೊಸ ಟೈಲ್ಸಿನ ಮೇಲೆ ಜಾರದಂತೆ ಲೇಪನ ಮಾಡಿಸಿದೆ. ಅಷ್ಟರಲ್ಲಿ ಅವರು ಬೇರೆ ಮನೆ ಕೊಂಡಾಗಿತ್ತು. ನಾಲ್ಕು ತಿಂಗಳ ನಂತರ ಮನೆಯನ್ನು ಕೊಂಡವರು ನಿವೃತ್ತ ಶಿಕ್ಷಕರೊಬ್ಬರ ಕುಟುಂಬ. ಅವರ ತಂದೆಗೆ ಆಗ ತೊಂಬತ್ತರ ಹತ್ತಿರ. ಗೃಹಪ್ರವೇಶಕ್ಕೆ ಕರೆದಿದ್ದರು, ಅಕ್ಕನೊಂದಿಗೆ ಹೋಗಿದ್ದೆ. ಆ ಹಿರಿಯರು ಯಾರ ಕೈಯನ್ನೂ ಹಿಡಿಯದೆ ತಾವೇ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಂದು ಪಂಕ್ತಿಯಲ್ಲಿ ಕುಳಿತರು. ನಮಗೆ ದೊರೆತ ಬೆಲೆ ನಿವೇಶನದ ದರಕ್ಕಿಂತ ಹೆಚ್ಚೇ ಇತ್ತು. ಆದರೆ ಹಿಂದಿರುಗುವಾಗ ಅಕ್ಕ ಮಾತನಾಡಿದ್ದು ಬೆಲೆಯ ಬಗ್ಗೆ ಅಲ್ಲ, ಆ ಬಚ್ಚಲಿನ ಬಾಗಿಲಿನ ಬಗ್ಗೆ. ಮಾರುವ ಉದ್ದೇಶವಿರಲಿ ಇಲ್ಲದಿರಲಿ, ಸದಸ್ಯ ಮಿತ್ರರು ಇಂದು ಸಂಜೆ ಮನೆಗೆ ಹೋದಾಗ ತಮ್ಮ ಬಚ್ಚಲಿನ ಹೊಸ್ತಿಲನ್ನು ಒಮ್ಮೆ ನೋಡಬೇಕೆಂದು ನನ್ನ ವಿನಂತಿ.